ಡಿಕ್ಕಿಯಿರುವ ಹಳೆ ಕಾರು, ನಾಲ್ಕು ತಾಲ್ಲೂಕಿನ ರಸ್ತೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಕಡೆಯ ಹೊಸ ಕಾರುಗಳಿಗೆ ಈಗ ಸಿಗುವುದು ದಾಂಡೇಲಿಯ ಕೆಎ 65 ಪಾಸಿಂಗ್. ನಂಬರ್ ಪ್ಲೇಟ್ ನೋಡಿದರೆ ಎಲ್ಲವೂ ಒಂದೇ ಊರಿನ ಗಾಡಿಗಳು. ಓಡುವ ನೆಲ ಮಾತ್ರ ಬೇರೆ ಬೇರೆ. ಹಳಿಯಾಳದಿಂದ ಧಾರವಾಡದ ಕಡೆ ಹೊರಟರೆ ಕಬ್ಬು, ಗೋವಿನಜೋಳದ ಬಯಲು. ಮುಂಡಗೋಡದಿಂದ ತಡಸದ ಮೇಲೆ ಹುಬ್ಬಳ್ಳಿಗೆ ಐವತ್ತು ಕಿಲೋಮೀಟರಿನೊಳಗಿನ ಸಲೀಸು ದಾರಿ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಗೆ ಬರುವ ಭಾರಿ ಲಾರಿಗಳ ನಡುವೆಯೇ ದಿನದ ಓಡಾಟ. ಜೋಯಿಡಾಕ್ಕೆ ಬಂದರೆ ಗಣೇಶಗುಡಿ, ಕುಂಬಾರವಾಡಾ, ಅಣಶಿ, ಕ್ಯಾಸಲ್‌ರಾಕ್. ಡಾಂಬರು ಮುಗಿದಲ್ಲಿಂದ ಕೆಂಪು ಮಣ್ಣು, ಅಲ್ಲಿಂದ ಮುಂದೆ ಹಳ್ಳ.

ಮೂರರಿಂದ ಐದು ಲಕ್ಷ ರೂಪಾಯಿ ಕೂಡಿಟ್ಟು, ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸೆಡಾನ್ ಕೊಳ್ಳೋಣವೆಂದು ಹೊರಡುವ ಕುಟುಂಬಗಳು ಈ ನಾಲ್ಕೂ ತಾಲ್ಲೂಕುಗಳಲ್ಲಿವೆ. ಶಿಕ್ಷಕರು, ಕಾರ್ಖಾನೆಯ ನೌಕರರು, ನರ್ಸುಗಳು, ನಾಲ್ಕೆಂಟು ಎಕರೆಯ ರೈತರು. ಇವರೆಲ್ಲ ನೋಡುವ ಕಾರುಗಳ ಪಟ್ಟಿ ಹೆಚ್ಚುಕಡಿಮೆ ಒಂದೇ: ಡಿಸೈರ್, ಎಟಿಯೋಸ್, ಅಮೇಜ್, ಎಕ್ಸೆಂಟ್, ಧೈರ್ಯ ಇದ್ದವರಿಗೆ ಹೋಂಡಾ ಸಿಟಿ. ಆದರೆ ಮುಂಡಗೋಡದವರಿಗೆ ಸರಿಯಾಗುವ ಗಾಡಿ ಅಣಶಿಯವರಿಗೆ ಸರಿಯಾಗಲಾರದು. ಹಾಗಾಗಿ ಕಾರು ನೋಡುವ ಮೊದಲು ಅದು ರಾತ್ರಿ ನಿಲ್ಲುವ ಜಾಗವನ್ನೂ ಅಲ್ಲಿಗೆ ಹೋಗುವ ಕೊನೆಯ ಎರಡು ಕಿಲೋಮೀಟರ್ ದಾರಿಯನ್ನೂ ಜುಲೈ ತಿಂಗಳ ಮಳೆಯಲ್ಲಿ ಕಲ್ಪಿಸಿಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಹಳೆಯ ಸೆಡಾನ್ ಈಗ ಅಗ್ಗವಾಗಲು ಕಾರಣ ಕಾರಿನ ದೋಷವಲ್ಲ, ಕೊಳ್ಳುವವರ ಒಲವು ಬದಲಾಗಿರುವುದು. 2024-25ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಸುಮಾರು ಶೇ 65 ಎಸ್‌ಯುವಿ ಮತ್ತು ಎಂಪಿವಿ ವರ್ಗದವು. ಎತ್ತರದ ಗಾಡಿ ಎಲ್ಲರಿಗೂ ಬೇಕಾಗಿದೆ. ಅದೇ ವರ್ಷದ, ಅಷ್ಟೇ ಓಡಿದ ಪುಟ್ಟ ಎಸ್‌ಯುವಿಗೂ ಸೆಡಾನಿಗೂ ಬೆಲೆ ಕೇಳಿ ನೋಡಿ. ಹೊಸದಿದ್ದಾಗ ಸೆಡಾನ್ ಮೇಲಿನ ದರ್ಜೆಯದಾಗಿದ್ದರೂ ಇಂದು ಕಡಿಮೆಗೆ ಸಿಗುತ್ತದೆ. ಒಳ್ಳೆಯ ಸೀಟು, ಒಳ್ಳೆಯ ಎಂಜಿನ್, ದೊಡ್ಡ ಡಿಕ್ಕಿ ಬೇಕಾದವರಿಗೆ ಇದು ಲಾಭದ ಕಾಲ.

ಈ ಸೆಡಾನುಗಳ ಆಕಾರದ ಹಿಂದೆ ಒಂದು ಬಜೆಟ್ ಇದೆ. 2006ರಲ್ಲಿ ಕೇಂದ್ರ ಸರ್ಕಾರ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿತು. ಸಣ್ಣದು ಅನ್ನಿಸಿಕೊಳ್ಳಲು ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ 1,500 ಸಿಸಿ ದಾಟಬಾರದು. 2008ರಲ್ಲಿ ಟಾಟಾದವರು ಇಂಡಿಗೋದ ಹಿಂಭಾಗ ಕತ್ತರಿಸಿ ನಾಲ್ಕು ಮೀಟರಿನೊಳಗೆ ಕೂರಿಸಿ ಇಂಡಿಗೋ ಸಿಎಸ್ ತಂದರು. ಅದೇ ವರ್ಷ ಬಂದ ಮೊದಲ ಸ್ವಿಫ್ಟ್ ಡಿಸೈರ್ 4,160 ಮಿಲಿಮೀಟರ್ ಉದ್ದವಿತ್ತು. 2012ರ ಎರಡನೆಯ ಡಿಸೈರ್ 3,995ಕ್ಕೆ ಇಳಿಯಿತು. ಆ ಹದಿನಾರು ಸೆಂಟಿಮೀಟರಿನ ಬಹುಪಾಲು ಹೋದದ್ದು ಡಿಕ್ಕಿಯಿಂದ. 2012ರ ಡಿಸೈರಿನ ಡಿಕ್ಕಿ 316 ಲೀಟರ್. ನಾಲ್ಕು ಮೀಟರಿನ ಗೊಡವೆಗೆ ಹೋಗದ ಎಟಿಯೋಸಿನದು 590 ಲೀಟರಿನ ಆಸುಪಾಸು. ಡಿಕ್ಕಿಗಾಗಿಯೇ ಸೆಡಾನ್ ಬೇಕೆನ್ನುವ ರೈತನಿಗೆ ಈ ಎರಡು ಸಂಖ್ಯೆಗಳ ನಡುವಿನ ಅಂತರ ಬಲು ದೊಡ್ಡದು.

ಅದೇ ಗೆರೆ ಈಗಲೂ ಬೆಲೆ ನಿರ್ಧರಿಸುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದು ಹೊಸ ಡಿಸೈರ್, ಅಮೇಜ್, ಔರಾ, ಟಿಗೋರ್ ಅಗ್ಗವಾದವು. ಮಾರುವವರು ತಾವು ಕೊಟ್ಟ ಹಳೆಯ ಬಿಲ್ಲನ್ನು ಮುಂದಿಟ್ಟು ಲೆಕ್ಕ ಹೇಳುತ್ತಾರೆ. ನೀವು ಹಿಡಿಯಬೇಕಾದದ್ದು ಇಂದಿನ ಹೊಸ ಕಾರಿನ ಬೆಲೆ. ಹೊಸದರ ಬೆಲೆ ಇಳಿದಾಗ ನಾಲ್ಕೈದು ವರ್ಷದ ಹಳೆಯದು ಹಿಂದಿನ ದರದಲ್ಲೇ ನಿಂತರೆ ಅದನ್ನು ಕೊಳ್ಳಲು ಕಾರಣವೇ ಇಲ್ಲ. ಇಂಥ ಕಾರುಗಳಿಗೆ ಸಾಲ ಮಾಡುವ ಬದಲು ಇನ್ನೊಂದು ವರ್ಷ ಕಾದು ಹೊಸದಕ್ಕೆ ಹೋಗುವುದು ವಾಸಿ. ಹಳೆಯ ಸೆಡಾನಿನ ನಿಜವಾದ ಲಾಭ ಇರುವುದು ಏಳರಿಂದ ಹನ್ನೊಂದು ವರ್ಷದ ಗಾಡಿಗಳಲ್ಲಿ.

ನಮ್ಮ ಕಡೆ ಸೆಡಾನ್ ಏನು ಕೆಲಸಕ್ಕೆ ಬರುತ್ತದೆ? ಮೊದಲನೆಯದು ಆಸ್ಪತ್ರೆ. ದಾಂಡೇಲಿಯಿಂದ ಧಾರವಾಡ ಐವತ್ತೈದು ಅರುವತ್ತು ಕಿಲೋಮೀಟರ್, ಹುಬ್ಬಳ್ಳಿ ಇನ್ನೂ ಮುಂದೆ. ಹೃದಯ, ಮೂತ್ರಪಿಂಡ, ಕಷ್ಟದ ಹೆರಿಗೆ ಎಂದರೆ ಈ ತಾಲ್ಲೂಕುಗಳವರು ಹುಬ್ಬಳ್ಳಿ, ಧಾರವಾಡ ಇಲ್ಲವೇ ಬೆಳಗಾವಿಯ ದೊಡ್ಡ ಆಸ್ಪತ್ರೆಗೇ ಓಡಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ ಪ್ರಯಾಣ ಉಚಿತವಾಗಿದೆ. ದಿನನಿತ್ಯದ ಓಡಾಟಕ್ಕೆ ಕಾರಿನ ಖರ್ಚನ್ನು ಬಸ್ಸಿನೆದುರು ಇಟ್ಟರೆ ಕಾರು ಸೋಲುತ್ತದೆ, ಅದನ್ನು ಒಪ್ಪಲೇಬೇಕು. ಕೊನೆಯ ಬಸ್ಸು ಹೋದ ಮೇಲಿನ ರಾತ್ರಿಗೆ ಮಾತ್ರ ಬೇರೆ ಉತ್ತರವಿಲ್ಲ. ನೋವಿನಲ್ಲಿರುವವರನ್ನು ಹಿಂದಿನ ಸೀಟಿನಲ್ಲಿ ಒರಗಿಸಿ ಕರೆದೊಯ್ಯುವಾಗ ಸೆಡಾನಿನ ಉದ್ದದ ಸೀಟು, ಮೆತ್ತಗಿನ ಸಸ್ಪೆನ್ಷನ್, ನೆಲಕ್ಕೆ ಹತ್ತಿರವಿರುವ ಮೈ ಮೂರೂ ಉಪಕಾರಿ. ಎತ್ತರದ ಗಾಡಿ ತಿರುವುಗಳಲ್ಲಿ ಓಲಾಡುವಷ್ಟು ಇದು ಓಲಾಡುವುದಿಲ್ಲ. ಎಟಿಯೋಸಿನ ಹಿಂಭಾಗದ ನೆಲ ಹೆಚ್ಚುಕಡಿಮೆ ಸಪಾಟು. ನಡುವೆ ಕೂತವರ ಕಾಲಿಗೆ ಅಡ್ಡಿಯಿಲ್ಲ.

ಇನ್ನೊಂದು, ಸರಕು ಮತ್ತು ಜನ ಬೇರೆ ಬೇರೆ ಕೂರುವುದು. ಕಾರವಾರದಿಂದ ಒಣಮೀನು ತಂದರೂ ಹಿತ್ತಲಿನ ಹಲಸಿನಹಣ್ಣು ಹೇರಿದರೂ ವಾಸನೆ ಬಹುಪಾಲು ಡಿಕ್ಕಿಯಲ್ಲೇ ಉಳಿಯುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ಅದು ಮಕ್ಕಳ ಮೂಗಿನ ಪಕ್ಕದಲ್ಲಿರುತ್ತದೆ. ಉಳವಿ ಜಾತ್ರೆಗೆ ಬುತ್ತಿ, ಹಾಸಿಗೆ ಹೇರಿಕೊಂಡು ಹೋಗುವ ಐದು ಜನರ ಮನೆಗೆ ಇದರ ಬೆಲೆ ಗೊತ್ತು. ಸಿಎನ್‌ಜಿ ಸಿಲಿಂಡರ್ ಕೂಡಿಸಿದ ಸೆಡಾನ್ ಕೊಂಡರೆ ಈ ಲಾಭ ಹೋಯಿತು. ಕೂಡಿಸಿದ ಕಿಟ್ ಆರ್‌ಸಿಯಲ್ಲಿ ನಮೂದಾಗಿರದಿದ್ದರೆ ವಿಮೆಯ ತಕರಾರೂ ಜೊತೆಗೆ ಬರುತ್ತದೆ.

ಇನ್ನು ವಿರುದ್ಧದ ಮಾತು, ಜೋಯಿಡಾದಿಂದಲೇ ಶುರು ಮಾಡುತ್ತೇನೆ. ತಾಲ್ಲೂಕಿನ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿದೆ ಅಥವಾ ಅದರ ಅಂಚಿನಲ್ಲಿದೆ. ಹತ್ತಾರು ಕುಣಬಿ ಹಟ್ಟಿಗಳಿಗೆ, ಬಿಡಿ ಮನೆಗಳಿಗೆ ಹೋಗುವ ದಾರಿ ಕಾಡಿನೊಳಗಿನದು. ಅಗಲ ಮಾಡುವುದು, ಡಾಂಬರು ಹಾಕುವುದು ಸುಲಭವಿಲ್ಲ. ಕ್ಯಾಸಲ್‌ರಾಕ್ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಡಿಸೈರ್, ಅಮೇಜ್, ಸಿಟಿ ಯಾವುದನ್ನೇ ತೆಗೆದುಕೊಳ್ಳಿ, ನೆಲದಿಂದ ಎತ್ತರ 160ರಿಂದ 170 ಮಿಲಿಮೀಟರ್. ಅದು ಖಾಲಿ ಗಾಡಿಯ ಅಳತೆ. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಅಕ್ಕಿಚೀಲ ಹಾಕಿದರೆ ಹಿಂಭಾಗ ಕುಸಿಯುತ್ತದೆ. ಹಳ್ಳದ ಇಳಿಜಾರಿಗೆ ಮೂತಿ ತಗಲುತ್ತದೆ, ಏರುವಾಗ ಬಾಲ ಉಜ್ಜುತ್ತದೆ, ನಡುವಿನ ದಿಬ್ಬಕ್ಕೆ ಹೊಟ್ಟೆ ಕೂರುತ್ತದೆ. ಎಂಜಿನ್ ಎಣ್ಣೆಯ ಸಂಪಿಗೆ ಕಲ್ಲು ಬಡಿದು ಎಣ್ಣೆ ಸೋರಿದರೆ, ಅದನ್ನು ಗಮನಿಸದೆ ನಾಲ್ಕು ಕಿಲೋಮೀಟರ್ ಓಡಿಸಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಇಂಥ ಜಾಗದಲ್ಲಿ ಮೊಬೈಲ್ ಸಿಗ್ನಲ್ಲೂ ಇರುವುದಿಲ್ಲ. ಗಣೇಶಗುಡಿಯ ಸುತ್ತ ಬೊಲೆರೊ, ಜೀಪುಗಳೇ ಕಾಣುವುದು ಈ ಕಾರಣಕ್ಕೆ. ಮನೆಯವರೆಗೆ ಗಟ್ಟಿ ರಸ್ತೆ ಇಲ್ಲದ ಜೋಯಿಡಾದ ಕುಟುಂಬ ಸೆಡಾನ್ ಕೊಳ್ಳಬಾರದು. ಹಾಗೂ ಬೇಕೆಂದರೆ ಗಾಡಿಯನ್ನು ಮಳೆಗಾಲದ ನಾಲ್ಕು ತಿಂಗಳು ಡಾಂಬರು ರಸ್ತೆಯ ಬದಿಯಲ್ಲಿರುವ ನೆಂಟರ ಮನೆಯಲ್ಲಿ ನಿಲ್ಲಿಸುವ ವ್ಯವಸ್ಥೆ ಮೊದಲೇ ಆಗಿರಬೇಕು.

ಮಂಡಿನೋವಿನ ಅಜ್ಜಿ ಇರುವ ಮನೆಯವರು ಕೊಳ್ಳುವ ಮೊದಲು ಅಜ್ಜಿಯನ್ನೇ ಕರೆದೊಯ್ದು ಕೂರಿಸಿ, ಇಳಿಸಿ ನೋಡಬೇಕು. ತಗ್ಗಿನ ಸೀಟಿಗೆ ಇಳಿದು ಕೂರುವುದು ಸುಲಭ, ಅಲ್ಲಿಂದ ಏಳುವುದು ಕಷ್ಟ. ಈ ಒಂದು ಕಾರಣಕ್ಕೇ ಸೆಡಾನ್ ಬೇಡವಾಗುವ ಮನೆಗಳಿವೆ. ಅದು ಸಣ್ಣ ಕಾರಣವಲ್ಲ.

ಈಗ ಯಾವ ಕಾರು ಎಂಬ ಮಾತಿಗೆ ಬರೋಣ. ಕಾರ್ಖಾನೆ ಬಾಗಿಲು ಹಾಕಿದ ಕಂಪನಿಗಳ ಸೆಡಾನುಗಳು ಬಹಳ ಕಡಿಮೆಗೆ ಸಿಗುತ್ತವೆ, ಓಡಿಸಲೂ ಖುಷಿ ಕೊಡುತ್ತವೆ. ಷೆವರ್ಲೆ ಕಾರುಗಳ ಮಾರಾಟ 2017ರ ಕೊನೆಗೆ ನಿಂತಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಫಿಯೆಟ್ ಕೂಡ ಹೋಯಿತು. ಫಿಯೆಸ್ಟಾ, ಆಸ್ಪೈರ್, ಲೀನಿಯಾಗಳ ಗಟ್ಟಿತನದ ಬಗ್ಗೆ ನನಗೆ ಗೌರವವಿದೆ. ಆದರೆ ಹೆಡ್‌ಲೈಟ್ ಒಡೆದರೆ, ಸೆನ್ಸರ್ ಕೆಟ್ಟರೆ ಬಿಡಿಭಾಗಕ್ಕಾಗಿ ಹುಬ್ಬಳ್ಳಿಯಲ್ಲಿ ಹುಡುಕಿ, ಅಲ್ಲೂ ಸಿಗದೆ ಬೇರೆ ಊರಿನಿಂದ ತರಿಸಿ, ಅಷ್ಟು ದಿನ ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಿಡುವ ತಾಳ್ಮೆ ಬೇಕು. ಮನೆಗೆ ಒಂದೇ ಗಾಡಿ ಇರುವವರಿಗೆ ಇದು ಆಗದ ಮಾತು. ಹಳಿಯಾಳದ ಯಾವ ಗ್ಯಾರೇಜಿಗೆ ಹೋದರೂ ಮಿಸ್ತ್ರಿ ಡಿಸೈರಿನ ಬೋನಟ್ಟನ್ನು ಅಳುಕಿಲ್ಲದೆ ಎತ್ತುತ್ತಾರೆ. ಈ ಒಂದು ಅನುಕೂಲಕ್ಕೆ ಹೆಚ್ಚಿಗೆ ಇಪ್ಪತ್ತು ಸಾವಿರ ಕೊಟ್ಟರೂ ನಷ್ಟವಿಲ್ಲ.

ಎಟಿಯೋಸ್ ನೋಡಲು ಸಾದಾ. 2010ರ ಡಿಸೆಂಬರಿನಿಂದ 2020ರವರೆಗೆ ಮಾರಾಟದಲ್ಲಿತ್ತು, ಮೀಟರನ್ನು ಡ್ಯಾಶ್‌ಬೋರ್ಡಿನ ನಡುವೆ ಇಟ್ಟದ್ದು ಹಲವರಿಗೆ ಹಿಡಿಸಲಿಲ್ಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿಯೂ ಕೆಡದ ಹೆಸರು ಅದಕ್ಕಿದೆ. ಅಷ್ಟು ದೊಡ್ಡ ಡಿಕ್ಕಿ, ಅಷ್ಟು ಕಡಿಮೆ ರಗಳೆ. ಹಳಿಯಾಳ, ಮುಂಡಗೋಡದ ರೈತ ಕುಟುಂಬಕ್ಕೆ ನಾನು ಮೊದಲು ಹೇಳುವ ಹೆಸರು ಇದೇ. ಚೆಂದದ ಒಳಾಂಗಣ, ಪೆಟ್ರೋಲಿನ ನಯವಾದ ಎಂಜಿನ್ ಬೇಕೆನ್ನುವ ದಾಂಡೇಲಿ ಪಟ್ಟಣದವರಿಗೆ 2014ರ ನಂತರದ ಹೋಂಡಾ ಸಿಟಿ. ಅದರ ಬಂಪರು, ಲೈಟುಗಳ ಬೆಲೆ ಮೊದಲೇ ಕೇಳಿಟ್ಟುಕೊಳ್ಳಿ.

ಅಪಘಾತದಲ್ಲಿ ಜೀವ ಉಳಿಸುವ ವಿಚಾರ ಸೆಕೆಂಡ್ ಹ್ಯಾಂಡ್ ಮಾತುಕತೆಯಲ್ಲಿ ಬರುವುದೇ ಅಪರೂಪ, ಇದು ನನಗೆ ತೀರಾ ನೋವಿನ ಸಂಗತಿ. ಎಬಿಎಸ್ ಬ್ರೇಕ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ, ಚಾಲಕನ ಏರ್‌ಬ್ಯಾಗ್ ಕೂಡ ಅದೇ ವರ್ಷ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಕಡ್ಡಾಯವಾಗಲು 2021ರ ಕೊನೆ ಬರಬೇಕಾಯಿತು. ಅಂದರೆ ನಮ್ಮ ಬಜೆಟ್ಟಿಗೆ ಬರುವ 2013, 2015ರ ಕಾರುಗಳಲ್ಲಿ ಕೆಳಗಿನ ಮಾದರಿ ಕೊಂಡರೆ ಎರಡೂ ಇಲ್ಲದಿರಬಹುದು. ಒಂದು ವರ್ಷ ಹಳೆಯದಾದರೂ ಸರಿ, ಮೇಲಿನ ಮಾದರಿಯನ್ನೇ ಹುಡುಕಿ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇದ್ದ ಟಾಟಾ ಜೆಸ್ಟ್ 2016ರಲ್ಲೇ ನಾಲ್ಕು ನಕ್ಷತ್ರ ಪಡೆದಿತ್ತು, ಎರಡನೆಯ ತಲೆಮಾರಿನ ಅಮೇಜ್ 2019ರಲ್ಲಿ ಅಷ್ಟೇ ಪಡೆಯಿತು. ಕಬ್ಬಿನ ಹಂಗಾಮು ಶುರುವಾದರೆ ಹಳಿಯಾಳದ ಸುತ್ತಿನ ರಸ್ತೆಗಳಲ್ಲಿ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಕತ್ತಲೆಯಲ್ಲಿ ಎದುರಾಗುತ್ತವೆ. ಆ ಕ್ಷಣದಲ್ಲಿ ಚಕ್ರ ಲಾಕಾಗದೆ ಗಾಡಿಯನ್ನು ಪಕ್ಕಕ್ಕೆ ತಿರುಗಿಸಲು ಸಾಧ್ಯವಾಗುವುದು ಎಬಿಎಸ್‌ನಿಂದ. ಅಲಾಯ್ ಚಕ್ರಕ್ಕೆ, ದೊಡ್ಡ ಮ್ಯೂಸಿಕ್ ಸಿಸ್ಟಮ್ಮಿಗೆ ಮನಸೋತು ಇದನ್ನು ಬಿಟ್ಟುಕೊಡಬೇಡಿ.

ಡೀಸೆಲ್ಲೋ ಪೆಟ್ರೋಲೋ? 2020ರ ಏಪ್ರಿಲಿನಲ್ಲಿ ಬಿಎಸ್ 6 ಜಾರಿಯಾದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಫಿಯೆಟ್ ರೂಪಿಸಿದ 1,248 ಸಿಸಿಯ ಎಂಜಿನ್ ಡಿಸೈರ್, ಮಾಂಝಾ, ಜೆಸ್ಟ್, ಲೀನಿಯಾ ಎಲ್ಲದರಲ್ಲೂ ಇತ್ತು, ಹಾಗಾಗಿ ಅದನ್ನು ಬಲ್ಲ ಮಿಸ್ತ್ರಿಗಳಿಗೆ ಇಂದಿಗೂ ಕೊರತೆಯಿಲ್ಲ. ವರ್ಷಕ್ಕೆ 8,000 ಕಿಲೋಮೀಟರ್ ಓಡಿಸುವ ಮನೆಯ ಲೆಕ್ಕ ಹಾಕಿ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ 103 ರೂಪಾಯಿ ಹಿಡಿದರೆ, ಸುಮಾರು 55,000 ರೂಪಾಯಿ. ಲೀಟರಿಗೆ 20 ಕೊಡುವ ಡೀಸೆಲ್ಲಿಗೆ, 91 ರೂಪಾಯಿಯಂತೆ, 36,400. ಉಳಿತಾಯ ವರ್ಷಕ್ಕೆ ಹದಿನೆಂಟು ಸಾವಿರ ಚಿಲ್ಲರೆ. ಹತ್ತು ವರ್ಷದ ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರ್, ಟರ್ಬೊ, ಕ್ಲಚ್ ಇವುಗಳಲ್ಲಿ ಎರಡು ಒಟ್ಟಿಗೆ ಕೈಕೊಟ್ಟರೆ ಎರಡು ಮೂರು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. ದಿನವೂ ದಾಂಡೇಲಿಯಿಂದ ಧಾರವಾಡಕ್ಕೆ ಹೋಗಿಬರುವವರಿಗೆ ಡೀಸೆಲ್. ವಾರಕ್ಕೊಮ್ಮೆ ಸಂತೆ, ತಿಂಗಳಿಗೊಮ್ಮೆ ಹುಬ್ಬಳ್ಳಿ ಎನ್ನುವವರಿಗೆ ಪೆಟ್ರೋಲೇ ಸರಿ.

ಪೆಟ್ರೋಲಿನಲ್ಲೂ ಹೊಸ ವಿಷಯವೊಂದಿದೆ. ಬಂಕುಗಳಲ್ಲಿ ಈಗ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಹೊಂದುವ ರಬ್ಬರು, ಪೈಪುಗಳಿರುವ ಕಾರುಗಳು ಕಡ್ಡಾಯವಾಗಿ ಬರತೊಡಗಿದ್ದು 2023ರ ಏಪ್ರಿಲಿನಿಂದ. ಅದಕ್ಕಿಂತ ಹಳೆಯ ಕಾರು ಕೊಂಡವರು ಇಂಧನದ ರಬ್ಬರ್ ಪೈಪು, ಸೀಲುಗಳನ್ನು ವರ್ಷಕ್ಕೊಮ್ಮೆ ನೋಡಿಸಬೇಕು, ಮೈಲೇಜ್ ಸ್ವಲ್ಪ ಇಳಿಯುವುದನ್ನು ಲೆಕ್ಕದಲ್ಲಿಡಬೇಕು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಉಳಿಸಬಾರದು. ಎಥೆನಾಲ್ ತೇವ ಹೀರುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೆ ಬರಗಾಲವಿಲ್ಲ.

ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದ ಗಾಡಿಗಳ ಬಗ್ಗೆ ಎಚ್ಚರ ಹೇಳಲೇಬೇಕು. ಡಿಸೈರ್ ಟೂರ್, ಎಟಿಯೋಸ್, ಎಕ್ಸೆಂಟ್ ಮೂರೂ ಬಾಡಿಗೆಗೆ ಓಡಿದ ಕಾರುಗಳು. ಮುಂಡಗೋಡದ ಟಿಬೆಟನ್ ಕ್ಯಾಂಪುಗಳಿಗೆ, ದಾಂಡೇಲಿಯ ರೆಸಾರ್ಟುಗಳಿಗೆ ಹುಬ್ಬಳ್ಳಿ, ಗೋವಾ ಕಡೆಯಿಂದ ಬರುವ ಟ್ಯಾಕ್ಸಿಗಳಲ್ಲಿ ಇವು ದಿನವೂ ಕಾಣುತ್ತವೆ. ಬಾಡಿಗೆಗೆ ಓಡಿದ ಮಾತ್ರಕ್ಕೆ ಗಾಡಿ ಕೆಟ್ಟದ್ದೆಂದಲ್ಲ. ಸರಿಯಾಗಿ ಎಣ್ಣೆ ಬದಲಿಸಿದ ಎಟಿಯೋಸ್ ಮೂರು ಲಕ್ಷ ಕಿಲೋಮೀಟರಿಗೂ ಸದ್ದಿಲ್ಲದೆ ಓಡುತ್ತದೆ. ಸಮಸ್ಯೆ ಇರುವುದು ಮೀಟರ್ ಹಿಂದಕ್ಕೆ ತಿರುಗಿಸಿ ‘ಡಾಕ್ಟರ್ ಓಡಿಸಿದ ಗಾಡಿರೀ, ಅರವತ್ತು ಸಾವಿರ ಆಗೇತಷ್ಟ’ ಎಂದು ಮಾರುವುದರಲ್ಲಿ. ಕ್ಲಚ್, ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿ ಸವೆದಿದೆಯೇ, ಚಾಲಕನ ಸೀಟಿನ ಬಲ ಅಂಚು ಕುಸಿದಿದೆಯೇ, ಸ್ಟೇರಿಂಗಿನ ಮೇಲ್ಪದರ ಹೊಳೆಯುತ್ತಿದೆಯೇ ನೋಡಿ. ವೇಗ ನಿಯಂತ್ರಕ, ಜಿಪಿಎಸ್ ಪೆಟ್ಟಿಗೆ, ಪ್ಯಾನಿಕ್ ಬಟನ್ ತೆಗೆದ ತೂತುಗಳೂ ತುಂಡಾದ ವೈರುಗಳೂ ಡ್ಯಾಶ್‌ಬೋರ್ಡಿನ ಕೆಳಗೆ ಸಿಗುತ್ತವೆ. ಟೈರಿನ ಮೇಲೆ ನಾಲ್ಕಂಕಿಯ ಒಂದು ಗುರುತಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮೀಟರ್ ಮೂವತ್ತು ಸಾವಿರ ತೋರಿಸುವ ಗಾಡಿಗೆ ಎರಡನೆಯ ಸಲ ಟೈರು ಬದಲಾಗಿದ್ದರೆ ಮಾತು ಅಲ್ಲಿಗೇ ಮುಗಿಸಿ ಬನ್ನಿ.

ನೆರೆನೀರಿನಲ್ಲಿ ಮುಳುಗಿದ ಗಾಡಿ ಇನ್ನೂ ಅಪಾಯಕಾರಿ. 2019ರ ಆಗಸ್ಟಿನಲ್ಲಿ ಬೆಳಗಾವಿ, ಕೊಲ್ಹಾಪುರ, ಸಾಂಗ್ಲಿಗಳಲ್ಲಿ ನೀರು ಏರಿದ್ದು ನೆನಪಿದೆ. 2021ರ ಜುಲೈಯಲ್ಲಿ ಕೊಲ್ಹಾಪುರ, ಸಾಂಗ್ಲಿ ಮತ್ತೆ ಮುಳುಗಿದವು. ವಿಮಾ ಕಂಪನಿ ಪೂರ್ಣ ನಷ್ಟವೆಂದು ಬರೆದ ಕಾರುಗಳು ಹರಾಜಾಗಿ, ತೊಳೆದು ಒಣಗಿ, ದೂರದ ಊರುಗಳಲ್ಲಿ ಮಾರಾಟವಾಗುತ್ತವೆ. ಎಂಜಿನ್ ಓಡುತ್ತದೆ, ಆದರೆ ವೈರಿಂಗಿನೊಳಗೆ ಸೇರಿದ ತುಕ್ಕು ವರ್ಷ ಕಳೆದ ಮೇಲೆ ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ, ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕಿದೆಯೇ ನೋಡಿ, ನೆಲಹಾಸು ಎತ್ತಿ ಮೂಸಿ. ಈ ಕೆಲಸಕ್ಕೆ ಹತ್ತು ನಿಮಿಷ ಸಾಕು. ಸಂಕೋಚ ಪಡಬೇಡಿ, ನಿಮ್ಮ ದುಡ್ಡು.

ಗೋವಾ, ಮಹಾರಾಷ್ಟ್ರದ ಪಾಸಿಂಗ್ ಗಾಡಿಗಳ ಆಸೆ ರಾಮನಗರದ ಕಡೆ ಹೆಚ್ಚು. ಸೂಪಾ ಅಣೆಕಟ್ಟಿನಲ್ಲಿ ಮುಳುಗಿದ ಊರುಗಳವರು ಬಂದು ನೆಲೆಸಿದ ಈ ಊರು ಬೆಳಗಾವಿ–ಗೋವಾ ಹೆದ್ದಾರಿಯ ಮೇಲೇ ಇದೆ. ಅನಮೋಡ ಘಟ್ಟ ಇಳಿದರೆ ಗೋವಾ. ಅಲ್ಲಿನ ಕಾರು ಕಡಿಮೆಗೆ ಸಿಕ್ಕಂತೆ ಕಾಣುತ್ತದೆ. ಆದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ಮರುನೋಂದಣಿ ಮಾಡಿಸಿ, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಈ ತೆರಿಗೆ ಗಾಡಿಯ ವಯಸ್ಸಿನಂತೆ ಇಳಿಯುತ್ತದೆ, ಆದರೆ ಸೊನ್ನೆಗೆ ಇಳಿಯುವುದಿಲ್ಲ. ಬೇರೆ ರಾಜ್ಯದ ನಂಬರಿನಲ್ಲೇ ಓಡಿಸಿಕೊಂಡಿರುತ್ತೇನೆ ಎಂದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹನ್ನೆರಡು ತಿಂಗಳ ಮಿತಿ ಹಾಕಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಗಾಡಿಯ ತಳಕ್ಕೆ ತುಕ್ಕು ಹಿಡಿದಿರುವ ಸಂಭವವೂ ಇದೆ. ತೆರಿಗೆಯನ್ನು ಎಆರ್‌ಟಿಒ ಕಚೇರಿಯಲ್ಲಿ ಕೇಳಿ ಬೆಲೆಗೆ ಕೂಡಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಮುಂದುವರಿಯಿರಿ. ಕರ್ನಾಟಕದಲ್ಲೇ ಜೀವಾವಧಿ ತೆರಿಗೆ ಕಟ್ಟಿದ ಗಾಡಿಗೆ, ಅದು ಧಾರವಾಡದ ಕೆಎ 25 ಇರಲಿ, ಶಿರಸಿಯ ಕೆಎ 31 ಇರಲಿ, ಈ ಖರ್ಚಿಲ್ಲ.

ಹದಿನೈದು ವರ್ಷದ ಅಂಚಿಗೆ ಬಂದ ಕಾರುಗಳನ್ನು ಎಂಬತ್ತು ಸಾವಿರಕ್ಕೆ, ಲಕ್ಷಕ್ಕೆ ಕೊಡುತ್ತಾರೆ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಆ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ. ಕಾರು ಕಲಿಯುವವರಿಗೆ ಇಂಥ ಗಾಡಿ ಸಾಕು, ಮನೆಯ ಮುಖ್ಯ ಗಾಡಿಯಾಗಿ ಬೇಡ.

ಕಾಗದದ ವಿಷಯದಲ್ಲಿ ನಮ್ಮ ಜನ ತೋರಿಸುವ ಉದಾಸೀನ ನನ್ನನ್ನು ನಿಜಕ್ಕೂ ಕಂಗೆಡಿಸುತ್ತದೆ. ಪರಿಚಯದವರ ನಡುವೆ ಗಾಡಿ ಕೈ ಬದಲಾಗುತ್ತದೆ, ದುಡ್ಡು ಎಣಿಸುತ್ತಾರೆ, ಸಹಿ ಹಾಕಿದ ಖಾಲಿ ಫಾರ್ಮು ಕೊಡುತ್ತಾರೆ, ಹೆಸರು ಬದಲಾವಣೆ ‘ಆಮ್ಯಾಲೆ ಮಾಡಿಸೋಣ’ ಎಂದು ವರ್ಷಗಟ್ಟಲೆ ಉಳಿಯುತ್ತದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದೇ ಪ್ರಕರಣ ಬಂತು. ಕಾರು ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿತ್ತು, ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಇತ್ತು, ಅಷ್ಟರಲ್ಲಿ ಅಪಘಾತವಾಗಿ ಜೀವ ಹೋಗಿತ್ತು. ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವವರದೇ ಎಂದು ಕೋರ್ಟು ಹೇಳಿತು. ಮಾರಿ ದುಡ್ಡು ತಿಂದಾಗಿದೆ ಎಂದು ನಿಶ್ಚಿಂತೆಯಿಂದ ಇರುವ ಮೇಷ್ಟ್ರ ಮನೆಗೆ ಯಾರೋ ಮಾಡಿದ ಅಪಘಾತದ ನೋಟಿಸು ಬರುತ್ತದೆ ಎಂದರ್ಥ.

ಕಾಯ್ದೆ ಕೇಳುವುದು ಬಹಳವೇನಲ್ಲ. ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ನೋಂದಣಿ ಕಚೇರಿಗೆ ತಿಳಿಸಬೇಕು. ಫಾರ್ಮ್ 29 ಮತ್ತು 30. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಪತ್ರದೊಂದಿಗೆ ಫಾರ್ಮ್ 35. ವಾಹನ ಕೊಟ್ಟ ದಿನ, ಗಂಟೆ, ಕಿಲೋಮೀಟರ್ ಬರೆದು ಇಬ್ಬರೂ ಸಹಿ ಮಾಡಿದ ಡೆಲಿವರಿ ನೋಟ್ ಇಬ್ಬರ ಬಳಿಯೂ ಇರಲಿ. ಕೊಳ್ಳುವ ಮೊದಲು ಪರಿವಾಹನ್ ತಾಣದಲ್ಲಿ ನಂಬರು ಹಾಕಿದರೆ ಸಾಲ ತೀರಿದೆಯೇ, ವಿಮೆ ಯಾವಾಗ ಮುಗಿಯುತ್ತದೆ, ದಂಡ ಬಾಕಿ ಇದೆಯೇ ಎಲ್ಲ ಕಾಣುತ್ತದೆ. ವಿಮೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಗಾಡಿಯ ಜೊತೆ ವಿಮೆ ಪೂರ್ತಿಯಾಗಿ ಬರುತ್ತದೆಂದು. ಮೂರನೆಯವರಿಗೆ ಆಗುವ ಹಾನಿಯ ರಕ್ಷಣೆ ಬರುತ್ತದೆ. ನಿಮ್ಮ ಗಾಡಿಗೇ ಆಗುವ ಹಾನಿಗೆ, ವಿಮೆ ನಿಮ್ಮ ಹೆಸರಿಗೆ ಆಗಿರಬೇಕು. ಅದಕ್ಕೆ 14 ದಿನದೊಳಗೆ ಅರ್ಜಿ ಹಾಕಬೇಕು. ಕ್ಲೇಮ್ ಮಾಡದ ವರ್ಷಗಳ ರಿಯಾಯಿತಿ ಮಾರಿದವರ ಜೊತೆಗೇ ಹೋಗುತ್ತದೆ, ನಿಮಗಲ್ಲ.

ಹುಬ್ಬಳ್ಳಿ, ಬೆಳಗಾವಿಯ ಹಳೆ ಕಾರಿನ ಅಂಗಡಿಯಿಂದ ಕೊಳ್ಳುವವರು ಇನ್ನೊಂದನ್ನು ಕೇಳಬಹುದು. 2023ರ ಏಪ್ರಿಲಿನಿಂದ ಹಳೆ ವಾಹನ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದ ಅಧಿಕೃತ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಅಂಥ ವ್ಯಾಪಾರಿ ಗಾಡಿ ತನ್ನ ವಶಕ್ಕೆ ಬಂದದ್ದನ್ನು ಪೋರ್ಟಲಿನಲ್ಲಿ ದಾಖಲಿಸಿದ ಮೇಲೆ ಅದರ ಹೊಣೆ ಅವನದು. ಪ್ರಮಾಣಪತ್ರ ತೋರಿಸಿ ಎಂದು ಕೇಳಿದಾಗ ಮುಖ ಸಿಂಡರಿಸುವ ಅಂಗಡಿಯಿಂದ ಎದ್ದು ಬನ್ನಿ. ಅಂಗಡಿಯವರ ಲಾಭದ ಮೇಲೆ 2025ರ ಜನವರಿಯಿಂದ ಶೇ 18 ಜಿಎಸ್‌ಟಿ ಇದೆ, ಅದೂ ಬೆಲೆಯೊಳಗೆ ಸೇರಿರುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಮಾರಿದರೆ ಆ ತೆರಿಗೆಯಿಲ್ಲ. ಅದಕ್ಕೇ ನಮ್ಮ ಕಡೆ ಗುರುತಿನವರ ಗಾಡಿಗೆ ಮರ್ಯಾದೆ ಜಾಸ್ತಿ. ಯಾರ ಗಾಡಿ, ಯಾವ ಗ್ಯಾರೇಜಿಗೆ ಹೋಗುತ್ತಿತ್ತು, ಎಲ್ಲಿ ಗುದ್ದಿತ್ತು ಎಲ್ಲವೂ ಊರಿಗೆ ಗೊತ್ತಿರುತ್ತದೆ.

ಹಣದ ಲೆಕ್ಕ ಕಟ್ಟುನಿಟ್ಟಾಗಿರಲಿ. ಹಳೆ ಕಾರಿನ ಸಾಲದ ಬಡ್ಡಿ ಹೊಸದಕ್ಕಿಂತ ಹೆಚ್ಚು. ಮೂರು ಲಕ್ಷವನ್ನು ಶೇ 14ರಂತೆ ನಾಲ್ಕು ವರ್ಷಕ್ಕೆ ತೆಗೆದರೆ ತಿಂಗಳಿಗೆ ಸುಮಾರು 8,200 ರೂಪಾಯಿ ಕಂತು. ಬಡ್ಡಿಯೇ ತೊಂಬತ್ಮೂರು ಸಾವಿರದಷ್ಟಾಗುತ್ತದೆ. ಕಂತಿನ ಕೊನೆಯ ದಿನ ಆ ಗಾಡಿಗೆ ಸಿಗುವ ಬೆಲೆ ನೀವು ಕಟ್ಟಿದ ಒಟ್ಟು ಹಣದ ಅರ್ಧವೂ ಇರದೆ ಹೋಗಬಹುದು. ಕೈಯಲ್ಲಿ ನಾಲ್ಕು ಲಕ್ಷ ಇದ್ದರೆ ಮೂರೂಕಾಲರ ಗಾಡಿ ನೋಡಿ. ಉಳಿದ ಎಪ್ಪತ್ತೈದು ಸಾವಿರ ಗಾಡಿಯ ಪಾಲೇ: ಹೆಸರು ಬದಲಾವಣೆ, ವಿಮೆ, ನಾಲ್ಕು ಟೈರು, ಬ್ಯಾಟರಿ, ಎಲ್ಲ ಎಣ್ಣೆಗಳು, ಬ್ರೇಕ್ ಪ್ಯಾಡು. ಕೊಂಡ ಮೊದಲ ತಿಂಗಳಲ್ಲೇ ಇವನ್ನು ಮಾಡಿಸಿದವರ ಗಾಡಿ ಘಟ್ಟದಲ್ಲಿ ನಿಲ್ಲುವುದು ಕಡಿಮೆ.

ಕೊಳ್ಳಲು ಯಾವ ಕಾಲ ಒಳ್ಳೆಯದು ಎಂದು ಕೇಳುತ್ತಾರೆ. ದೀಪಾವಳಿಗೆ, ಮದುವೆ ಹಂಗಾಮಿಗೆ ಎಲ್ಲರೂ ಹೊರಡುತ್ತಾರೆ. ಹಳೆ ಗಾಡಿಯನ್ನು ನೋಡಲು ನನ್ನ ಪ್ರಕಾರ ಆಷಾಢ, ಶ್ರಾವಣವೇ ಸರಿ, ಹೊರಗೆ ಮಳೆ ಹಿಡಿದು ಕೂತಾಗ. ಬಾಗಿಲಿನ ರಬ್ಬರು ಸೋರುತ್ತದೆಯೇ, ವೈಪರ್ ಪೂರ್ತಿ ಒರೆಸುತ್ತದೆಯೇ, ಎಸಿ ಹಾಕಿದರೆ ಗಾಜಿನ ಮಂಜು ಬಿಡುತ್ತದೆಯೇ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ನೇರವಾಗಿ ನಿಲ್ಲುತ್ತದೆಯೇ ಎಲ್ಲ ಒಂದೇ ಓಟದಲ್ಲಿ ತಿಳಿಯುತ್ತದೆ. ನಿಮ್ಮ ಮಿಸ್ತ್ರಿಯನ್ನು ಅವರ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯಿರಿ. ಓಡಿಸಿ ನೋಡುವುದು ಮಾರುವವರ ಊರಿನ ನುಣ್ಣನೆಯ ರಸ್ತೆಯಲ್ಲಿ ಬೇಡ. ಮನೆಯವರನ್ನೆಲ್ಲ ಕೂರಿಸಿಕೊಂಡು, ನಿಮ್ಮದೇ ಮನೆಯ ಅಂಗಳದವರೆಗೆ ಒಮ್ಮೆ ತಂದು ನಿಲ್ಲಿಸಲು ಒಪ್ಪುತ್ತಾರೆಯೇ ಕೇಳಿ. ಒಪ್ಪಿದರೆ, ತಳ ಎಲ್ಲೂ ತಾಗದೆ ಅಂಗಳಕ್ಕೆ ಬಂದರೆ, ಬೆಲೆಯ ಮಾತು ಅಲ್ಲಿಂದ ಶುರು ಮಾಡಬಹುದು.